ದಲಾಲಿ ಸಿದ್ರಾಮಪ್ಪನ ಆಯೇರಿ

ನಿಂಬರ್ಗಾದ ಸಿದ್ರಾಮಪ್ಪ ತನ್ನ ಜನ್ಮದಲ್ಲಿ ಒಂದು ಧಾರಣೆಯನ್ನೂ ಬಾಯಿಬಿಟ್ಟು ಹೇಳಿದವನಲ್ಲ. ದನದ ಸಂತೆಯ ದಲಾಲಿ ಅವನು. ಮಾರುವವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಮೇಲೆ ಹೆಗಲಿನ ಟವೆಲ್ ಹೊದಿಸಿ, ಒಳಗೊಳಗೇ ಬೆರಳು ಒತ್ತಿ ವ್ಯಾಪಾರ ಮುಗಿಸುತ್ತಿದ್ದ. ಯಾವ ಬೆರಳು ಹಿಡಿದರೆ ಎಷ್ಟು, ಅಂಗೈ ಕೆರೆದರೆ ಎಷ್ಟು ಎಂಬುದು ಅವರವರಿಗೇ ಗೊತ್ತು. ಸುತ್ತ ನಿಂತವರಿಗೆ ಎತ್ತು ಕಾಣುತ್ತದೆ, ಕೊಡುವವ ಕಾಣುತ್ತಾನೆ, ಕೊಳ್ಳುವವ ಕಾಣುತ್ತಾನೆ. ಧಾರಣೆ ಮಾತ್ರ ಕಾಣುವುದಿಲ್ಲ. "ಧಾರಣಿ ಬಾಯಿಗಿ ಬಂತಂದ್ರ ಅರ್ಧ ಸತ್ತಂಗ ತಂಗಿ," ಎನ್ನುತ್ತಿದ್ದ. ಈ ಚಟ ಅವನಿಗೆ ಎಷ್ಟು ಹತ್ತಿತ್ತೆಂದರೆ, ಬದನೆಕಾಯಿ ಎಷ್ಟಕ್ಕೆ ತಂದಿರಿ ಎಂದು ಹೆಂಡತಿ ಕೇಳಿದರೂ ಟವೆಲ್ ಹುಡುಕುತ್ತಿದ್ದನಂತೆ.

ಎದುರಿಗೆ ಅವನನ್ನು ನಾನು ಕಾಕಾ ಎನ್ನುತ್ತಿದ್ದೆ, ಬರ್ರಿ ಕೂಡ್ರಿ ಎನ್ನುತ್ತಿದ್ದೆ. ಬರೆಯುವಾಗ ಏಕವಚನವೇ. ಇಷ್ಟಾದರೂ ಸ್ವಾತಂತ್ರ್ಯ ನನಗಿರಲಿ.

ಬಿಳಿ ಧೋತರ, ಬಿಳಿ ಟೋಪಿ, ಗರಿಗರಿ ಇಸ್ತ್ರಿ ಅಂಗಿ. ದಿನವೆಲ್ಲ ದನದ ನಡುವೆ ನಿಂತರೂ ಅಂಗಿಗೆ ಒಂದು ಕಲೆ ಹತ್ತುತ್ತಿರಲಿಲ್ಲ. ಕಲೆಯೆಲ್ಲ ಮಂದಿಗೇ ಹತ್ತುತ್ತಿತ್ತು. ಯಾರನ್ನೇ ಮಾತಾಡಿಸಲಿ, ಮೊದಲು ಅವನ ಕಣ್ಣು ಎದುರಿನವರ ಬಾಯಿಗೆ ಹೋಗುತ್ತಿತ್ತು. ಹಲ್ಲು ನೋಡಿ ವಯಸ್ಸು ಹೇಳುವ ಕಸುಬು ನೋಡಿ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಇವನೂ ಹಿರಿಯನಂತೆ ಪಡಸಾಲೆಯಲ್ಲಿ ಕೂತಿದ್ದ. ನಾನು ಚಹಾದ ತಾಟು ಹಿಡಿದು ಬಂದೆ. ಯಾರೂ ಏನೂ ಕೇಳುವ ಮೊದಲೇ, "ಹಲ್ಲು ಬರಾಬರ್ ಅದಾವ ನೋಡ್ರಿ, ತಳೀನೂ ಛಲೋ ಅದ," ಎಂದುಬಿಟ್ಟ. ಬಂದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ಸಂಬಂಧ ಕೂಡಲಿಲ್ಲ. ಆ ಮಾತಿನಿಂದಲ್ಲ, ಬೇರೆ ಕಾರಣದಿಂದ ಎಂದು ಅಪ್ಪ ಸಮಾಧಾನ ಹೇಳಿದರು. ಆ ಮಾತಿನಿಂದಲೇ ಎಂದು ನಾನು ನಂಬಿದ್ದೇನೆ. ಆಮೇಲೆ ನಾನು ಮದುವೆಯ ಉಸಾಬರಿಗೇ ಹೋಗಲಿಲ್ಲ. ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಶಿನ್ ಹಾಕಿಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತ ಕೂತೆ. ಅದರ ಬಗ್ಗೆ ನನಗೆ ದುಃಖವಿಲ್ಲ. ಆದರೆ ಹೊಟ್ಟೆಯೊಳಗಿನ ಸಿಟ್ಟು ಅಂದಿನಿಂದಲೇ ಶುರು.

ನನ್ನ ಅಪ್ಪ ಬಸ್ಸಿನ ಕಂಡಕ್ಟರ್ ಆಗಿದ್ದವರು. ಆಳಂದದಿಂದ ನಿಂಬರ್ಗಾ, ಮಾದನಹಿಪ್ಪರಗಾ, ಅತ್ತ ಅಫಜಲಪುರ ಎಂದು ಇಡೀ ಉದ್ಯೋಗ ಇದೇ ದಾರಿಗಳಲ್ಲಿ ಕಳೆಯಿತು. ಸಿದ್ರಾಮಪ್ಪ ಅವರ ಖಾಯಂ ಪ್ಯಾಸೆಂಜರ್, ಹಾಗೆಯೇ ಖಾಯಂ ದೋಸ್ತ. ಅಪ್ಪನ ಬಾಯಿ ಎಂದರೆ ಬಾಯಿ. ಹಿಂದಿನ ಸೀಟಿನವ ಗೊಣಗಿದ್ದಕ್ಕೆ ಮುಂದಿನ ಬಾಗಿಲಿನಿಂದಲೇ ಉತ್ತರ ಕೊಟ್ಟು ಬಸ್ಸನ್ನೇ ನಗಿಸುತ್ತಿದ್ದವರು. ನಿವೃತ್ತಿಯಾದ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಎಡಗೈ ಎಡಗಾಲು ಬಿದ್ದವು, ನಾಲಿಗೆ ಹೊರಳದಾಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು, ಅದೇ ಪಜೀತಿ. ಒಳಗೆ ಮಾತು ತುಂಬಿಕೊಂಡಿದೆ, ಬಾಯಿಗೆ ಬಂದರೆ ಬರೀ "ಆಂ" ಎನ್ನುವ ಸದ್ದು. ಮೊದಮೊದಲು ಮನೆ ತುಂಬ ಜನ ಬಂದರು. ಆಮೇಲೆ ಬರುವುದು ಕಡಿಮೆಯಾಯಿತು. ಮಾತಾಡದವನ ಮುಂದೆ ಎಷ್ಟು ಹೊತ್ತು ಕೂತಾರು ಯಾರಾದರೂ.

ಸಿದ್ರಾಮಪ್ಪ ಮಾತ್ರ ಬಿಡಲಿಲ್ಲ. ಇದನ್ನು ನಾನು ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ. ಸಂತೆ ಇಲ್ಲದ ದಿನಗಳೆಲ್ಲ ಮಧ್ಯಾಹ್ನ ಊಟವಾದ ಮೇಲೆ ಬಂದು ಅಪ್ಪನ ಮಂಚದ ಕಾಲಬದಿಗೆ ಕೂಡುತ್ತಿದ್ದ. ನನ್ನ ಕುಪ್ಪಸದ ಅರಿವೆಯ ತುಂಡಿನಿಂದಲೇ ಚಸ್ಮಾ ಒರೆಸಿಕೊಳ್ಳುತ್ತಿದ್ದ, ಅದೂ ರೇಷ್ಮೆಯದೇ ಆಗಬೇಕು ಸಾಹೇಬರಿಗೆ. ಎರಡು ಸಲ ಚಹಾ. ಯಾರ ಎತ್ತು ಕುಂಟಿತು, ಯಾರ ಎಮ್ಮೆ ಹಾಲು ಬಿಟ್ಟಿತು, ಯಾರು ಯಾರಿಗೆ ಟೋಪಿ ಹಾಕಿದರು ಎಂದು ಒಬ್ಬನೇ ಹರಟುತ್ತಿದ್ದ. ಅಪ್ಪ ಹುಬ್ಬಿನಿಂದಲೇ ಉತ್ತರ ಕೊಡುತ್ತಿದ್ದರು. ಅವನು ಎದ್ದು ಹೋದ ಮೇಲೆ ಅಪ್ಪನ ಮುಖ ಎಷ್ಟೋ ಹೊತ್ತು ಹಗುರಾಗಿರುತ್ತಿತ್ತು. ನಾನು ಕುರುಡಿಯಲ್ಲ, ನೋಡುತ್ತಿದ್ದೆ.

ಹೀಗಿರುವಾಗ ಜೇವರ್ಗಿಯಿಂದ ರಜೆಗೆ ಬಂದ ಅಕ್ಕನ ಮಗಳು ಅಪ್ಪನ ಮೊಬೈಲಿಗೆ ಒಂದು ಆಟ ಹಾಕಿಕೊಟ್ಟಳು. "ಅಜ್ಜಾ, ಬಲಗೈ ಹೆಬ್ಬೆರಳು ಸಾಕು ಇದಕ್ಕ," ಎಂದಳು. ಆಟದ ಹೆಸರು ಬರೆದು ಅದಕ್ಕೆ ಪುಕ್ಕಟೆ ಜಾಹೀರಾತು ಕೊಡುವ ಉಮೇದಿ ನನಗಿಲ್ಲ. ಎಲ್ಲೆಲ್ಲಿಯೋ ಇರುವ ಸಾವಿರಾರು ಜನ ಒಮ್ಮೆಗೇ ಆಡುವ ಆಟ. ಒಳಗೊಂದು ರಾಜ್ಯ, ಅದರಲ್ಲಿ ಕಾಡು, ಹೊಲ, ಗಣಿ, ನಡುವೆ ಒಂದು ಬಜಾರು. ಕಟ್ಟಿಗೆ ಕಡಿಯಬಹುದು, ಗೋಧಿ ಬೆಳೆಯಬಹುದು, ಕೊಳ್ಳದಲ್ಲಿ ತೋಳ ಕೊಂದು ನಾಣ್ಯ ಗಳಿಸಬಹುದು. ಬಜಾರದಲ್ಲಿ ದೊಡ್ಡದೊಂದು ಬೋರ್ಡು. ಯಾವ ಮಾಲಿಗೆ ಇವತ್ತು ಎಷ್ಟು ಧಾರಣೆ ಎಂದು ಎಲ್ಲರಿಗೂ ಕಾಣುವಂತೆ. ಅಂಗಡಿ ಬೇಕಾದವರು ವಾರಕ್ಕೊಮ್ಮೆ ಹರಾಜಿನ ಸವಾಲು ಕೂಗಿ ಜಾಗ ಹಿಡಿಯಬೇಕು. ಎಲ್ಲವೂ ಆ ಆಟದ ನಾಣ್ಯದಲ್ಲೇ. ಖರೇ ರೊಕ್ಕಕ್ಕೆ ನಾಣ್ಯ ಮಾರುವುದು ಕೊಳ್ಳುವುದು ಅಲ್ಲಿ ಮನಾ, ಸಿಕ್ಕರೆ ಹೊರಗೆ ಹಾಕುತ್ತಾರೆ.

ಎಲ್ಲರೂ ಕತ್ತಿ ಹಿಡಿದು ತೋಳದ ಬೆನ್ನು ಹತ್ತಿದರೆ ಅಪ್ಪ ರೊಟ್ಟಿ ಅಂಗಡಿ ಇಟ್ಟರು. ಆ ಆಟದಲ್ಲಿ ಮನುಷ್ಯ ದುಡಿದು ದಣಿದರೆ ತಿನ್ನಬೇಕು, ತಿನ್ನದಿದ್ದರೆ ಕುಸಿದು ಬೀಳುತ್ತಾನೆ. ಹೊಸದಾಗಿ ಬಂದವರ ಹತ್ತಿರ ನಾಣ್ಯವಿರುವುದಿಲ್ಲ. ಅಪ್ಪ ಅಂಥವರಿಗೆ ಮೊದಲ ರೊಟ್ಟಿ ಹಾಗೆಯೇ ಕೊಡುತ್ತಿದ್ದರು. ಕೊಡುವಾಗ ಹೆಬ್ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದರು: "ಹೊಸ ಪ್ಯಾಸೆಂಜರಿಗಿ ಮೊದಲ ಸ್ಟೇಜ್ ಪುಕ್ಕಟ. ಮುಂದ ಸರೀರಿ, ಹಿಂದಿನವರಿಗಿ ಜಾಗಾ ಬಿಡ್ರಿ." ಎರಡನೆಯ ರೊಟ್ಟಿಯಿಂದ ಎರಡು ನಾಣ್ಯ. ಆಟದಲ್ಲಿ ಅವರ ಹೆಸರೇ ಕಂಡಕ್ಟರ್. ಅಂಗಡಿಯ ಮುಂದೆ ಯಾವಾಗಲೂ ಮಂದಿ. ರೊಟ್ಟಿಗೆ ಬಂದವರು ಮಾತಿಗೆ ನಿಲ್ಲುತ್ತಿದ್ದರು. ಅಫಜಲಪುರದ ಕಡೆ ಕರಜಗಿಯಲ್ಲಿ ಕಬ್ಬು ಬೆಳೆಯುವ ರಫೀಕ್ ಎಂಬವನು ಆಟದೊಳಗೆ ಗೋಧಿ ಬೆಳೆದು ಅಪ್ಪನಿಗೇ ಹಾಕುತ್ತಿದ್ದ. "ಸಲಾಂ ಕಂಡಕ್ಟರ್ ಸಾಬ್, ಸೀಟ್ ಅದ ಏನ್ರಿ?" ಎಂದು ಅವನು ಬರೆದರೆ, "ನಿಮಗ ಡ್ರೈವರ್ ಸೀಟ್ ಬಿಟ್ಟು ಯಾವುದರೆ ತಗೋರಿ," ಎಂದು ಇವರು. ನಾನು ಮಶಿನ್ ನಿಲ್ಲಿಸಿ ಇಣುಕಿ ಓದುತ್ತಿದ್ದೆ. ಬಸ್ಸಿನಲ್ಲಿ ಕೇಳುತ್ತಿದ್ದ ಅದೇ ಅಪ್ಪ, ಅದೇ ಕುಚೇಷ್ಟೆ. ಈ ಮನುಷ್ಯನಿಗೆ ಮಾತು ಬರುವುದಿಲ್ಲ ಎಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಮಾತು ಉಳಿದಿದ್ದ ಜಾಗ ಭೂಮಿಯ ಮೇಲೆ ಅದೊಂದೇ. ಆ ಅಂಗಡಿಗಾಗಿ ನಾನು ಯಾರ ಜತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತಿದ್ದೆ, ನಿಂತೆ ಕೂಡ.

ಮಂಚದ ಕಾಲಬದಿಗೆ ಕೂತು ಸಿದ್ರಾಮಪ್ಪ ಈ ಆಟವನ್ನು ಒಂದೆರಡು ವಾರ ಸುಮ್ಮನೆ ನೋಡಿದ. ದನ ನೋಡುವಂತೆಯೇ ನೋಡಿದ. ಸುತ್ತು ಹಾಕಿ, ಬಾಲದಿಂದ ಹಿಡಿದು. ಒಂದು ದಿನ ಕೇಳಿದ.

"ಅಲ್ಲೋ ಕಂಡಕ್ಟರ್, ಈ ನಾಣ್ಯ ಇಲ್ಲದವ ಏನ್ ಮಾಡ್ತಾನ?"

ಅಪ್ಪ ಮೊಬೈಲಿನಲ್ಲೇ ಬರೆದು ತೋರಿಸಿದರು: ದುಡೀತಾನ.

"ದುಡಿಯಾಕ ಪುರಸೊತ್ತ ಇಲ್ಲದವ? ಪುಣೆ, ಹೈದರಾಬಾದ್ ಕಡಿ ನೌಕರಿ ಮಾಡಾವ? ಕೈಯಾಗ ರೊಕ್ಕ ಅದ, ಟೈಮ್ ಇಲ್ಲ. ಅಂವಗ ಈ ನಾಣ್ಯ ಬೇಕಲ್ಲ?"

ಅದು ಮನಾ ಅದ, ಎಂದು ಅಪ್ಪ ಬರೆದರು.

ಸಿದ್ರಾಮಪ್ಪ ನಕ್ಕ. "ಮನಾ ಅದ ಅಂದ್ರ ಗಿರಾಕಿ ಅದಾನ ಅಂತ ಅರ್ಥ. ಮಾರಾಕ ಬಾರದ್ದು ಯಾವುದೂ ಇಲ್ಲೋ ತಮ್ಮಾ, ಕೊಳ್ಳಾವ ಸಿಗಬೇಕಷ್ಟ."

ನಾನು ಮಶಿನ್ ತುಳಿಯುತ್ತಲೇ, "ಕಾಕಾ, ನಿಮ್ಮ ದಲಾಲಿ ನಿಮ್ಮ ಸಂತ್ಯಾಗ ಇರ್ಲಿ. ಇಲ್ಲಿ ತರಬ್ಯಾಡ್ರಿ," ಎಂದೆ. "ಏ, ಸುಮ್ಮ ಕೇಳಿದೆ ಬೇ," ಎಂದ. ಅವನು ಸುಮ್ಮನೆ ಕೇಳಿದ ಪ್ರಶ್ನೆ ಒಂದೂ ಇರಲಿಲ್ಲ ಎಂದು ನನಗೆ ತಿಳಿಯಬೇಕಿತ್ತು.

ನಮ್ಮ ಕಡೆ ಆಡು ಪಾಲಿಗೆ ಬಿಡುವ ರೂಢಿ ಇದೆ. ಆಡು ನನ್ನದು, ಮೇಯಿಸುವುದು ನಿನ್ನದು, ಮರಿ ಹಾಕಿದರೆ ಇಬ್ಬರದೂ. ಮಾದನಹಿಪ್ಪರಗಾದ ಎಷ್ಟೋ ಮನೆಗಳಲ್ಲಿ ಸಿದ್ರಾಮಪ್ಪನ ಆಡು ಪಾಲಿಗಿದ್ದವು. ಈಗ ಅವನು ಅದೇ ಮನೆಗಳಿಗೆ ಮೊಬೈಲ್ ಪಾಲಿಗೆ ಬಿಟ್ಟ! ಕಲಬುರಗಿಯಿಂದ ಹಳೆಯ ಮೊಬೈಲು ಚೀಲಗಟ್ಟಲೆ ತಂದ. ಕೂಲಿಗೆ ಹೋಗಿ ಬಂದ ಹೆಂಗಸರು, ಕೆಲಸವಿಲ್ಲದೆ ಕಟ್ಟೆಗೆ ಕೂತ ಗಂಡಸರು, ಎಲ್ಲರ ಕೈಗೂ ಒಂದೊಂದು. ಕೊಳ್ಳಕ್ಕೆ ಇಳಿ, ತೋಳ ಕೊಲ್ಲು, ನಾಣ್ಯ ಆರಿಸು, ಮತ್ತೆ ತೋಳ ಕೊಲ್ಲು. ಬಂದ ನಾಣ್ಯದಲ್ಲಿ ಅರ್ಧ ಅವರದು, ಅರ್ಧ ಇವನದು. ಅವರ ಅರ್ಧವನ್ನೂ ರೊಕ್ಕ ಕೊಟ್ಟು ಇವನೇ ಕೊಳ್ಳುತ್ತಿದ್ದ. ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಕೂತು, ಟವೆಲ್ ಹೊದಿಸಿ, ಬೆರಳು ಹಿಡಿದು, ಇಲ್ಲದ ರಾಜ್ಯದ ನಾಣ್ಯಕ್ಕೆ ಧಾರಣೆ ಕಟ್ಟುತ್ತಿದ್ದ. ಮಾದನಹಿಪ್ಪರಗಾದವರಿಗೆ ಏನು ಕೊಟ್ಟ ಎಂದು ಜೇವರ್ಗಿಯವರಿಗೆ ಗೊತ್ತಿಲ್ಲ, ಜೇವರ್ಗಿಯವರಿಗೆ ಏನು ಕೊಟ್ಟ ಎಂದು ಅಫಜಲಪುರದವರಿಗೆ ಗೊತ್ತಿಲ್ಲ. ಕೊಳ್ಳುವವರಿಗೂ ಫೋನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಧಾರಣೆ. ಎಂಥಾ ತಲೆ ನೋಡಿ. ಆ ತಲೆಗೆ ಬೆಂಕಿ ಹಚ್ಚ.

ಬಜಾರು ಕೆಟ್ಟದ್ದು ಒಂದೇ ದಿನಕ್ಕಲ್ಲ. ಮೊದಲು ಗೋಧಿ ಏರಿತು, ಹಿಂದೆಯೇ ಕಟ್ಟಿಗೆ ಏರಿತು. ದುಡಿಯದೆ ನಾಣ್ಯ ಕೊಂಡವರಿಗೆ ನಾಣ್ಯದ ಹಂಗೆಲ್ಲಿ? ಒಂದು ಕೊಡಲಿಗೆ ಎಷ್ಟು ಕೇಳಿದರೂ ಕೊಡುತ್ತಿದ್ದರು. ಕೊಡುವವರು ಇದ್ದಾರೆಂದರೆ ಕೇಳುವವರಿಗೇನು ಧಾಡಿ. ಕೈಯಿಂದ ದುಡಿದು ತಿನ್ನುವವರು ಸಿಕ್ಕಿಬಿದ್ದರು. ಕೊಳ್ಳಕ್ಕೆ ಹೋದರೆ ತೋಳ ಸಿಗುತ್ತಿರಲಿಲ್ಲ, ಎಲ್ಲವನ್ನೂ ಸಿದ್ರಾಮಪ್ಪನ ಪಾಲಿನವರು ಕೊಂದಾಗಿರುತ್ತಿತ್ತು. ಒಳ್ಳೆಯ ಮಾಲು ಬೋರ್ಡಿಗೇ ಬರುವುದು ನಿಂತಿತು. ಹೊರಗಿಂದ ಹೊರಗೇ, ಗುಟ್ಟಿನಲ್ಲೇ ಮಾರಿಹೋಗುತ್ತಿತ್ತು. ಬೋರ್ಡಿನಲ್ಲಿ ಕಾಣುವ ಧಾರಣೆ ಒಂದು, ಖರೇ ಧಾರಣೆ ಇನ್ನೊಂದು. ದನದ ಸಂತೆಯ ಟವೆಲ್ಲನ್ನು ಆ ಮನುಷ್ಯ ಇಡೀ ಬಜಾರದ ಮೇಲೆ ಹೊದಿಸಿಬಿಟ್ಟಿದ್ದ.

ರಫೀಕ್ ಒಂದು ದಿನ ಅಂಗಡಿಗೆ ಬಂದು ಬರೆದ: "ಕಂಡಕ್ಟರ್ ಸಾಬ್, ನಮ್ಮ ಕಡಿ ಹುಡುಗ್ರು ಆಟ ಬಿಡಾಕತ್ತಾರ. ಹೊಸಬ ಬಂದ್ರ ರೊಟ್ಟಿ ತಿನ್ನಾಕ ಆಗವಲ್ತು. ನಿಮಗ ಮಾತ್ರ ಗೋಧಿ ಹಳೇ ಧಾರಣಿಗೇ ಹಾಕ್ತೇನಿ ನೋಡ್ರಿ, ಖುದಾ ಕಸಂ."

ಉಳಿದ ರೊಟ್ಟಿಯವರೆಲ್ಲ ನಲವತ್ತು ನಾಣ್ಯಕ್ಕೆ ಹೋದರು. ಅಪ್ಪ ಎರಡರಿಂದ ಮೇಲೆ ಏರಲಿಲ್ಲ. ಏರಿಸಿ ಅಪ್ಪಾ, ಅಂಗಡಿ ಉಳಿಯಬೇಕಲ್ಲ ಎಂದು ನಾನೇ ಗೋಗರೆದೆ. ಅವರು ಬರೆದು ತೋರಿಸಿದರು: "ಸ್ಟೇಜ್ ಬದಲಾಗಿಲ್ಲ. ಟಿಕೆಟ್ ಯಾಕ ಬದಲಾಗಬೇಕು?" ಕಂಡಕ್ಟರರ ಹಟ ಅದು, ದೇವರು ಬಂದು ಹೇಳಿದರೂ ಇಳಿಯುವುದಿಲ್ಲ. ಆದರೆ ಜಾಗದ ಸವಾಲು ಅಪ್ಪನ ಹಟ ಕೇಳುತ್ತದೆಯೇ? ವಾರದಿಂದ ವಾರಕ್ಕೆ ಸವಾಲು ಏರುತ್ತಿತ್ತು. ನಾಣ್ಯ ಕೊಂಡವರು ಬಂದು ಅಕ್ಕಪಕ್ಕದ ಅಂಗಡಿಗಳನ್ನು ಒಂದೊಂದಾಗಿ ಹಿಡಿದರು. ಅಪ್ಪ ಕೂಡಿಟ್ಟದ್ದು ಕರಗುತ್ತ ಬಂತು. ದೀಪಾವಳಿ ಹತ್ತಿರ ಬರುವ ಹೊತ್ತಿಗೆ ಇನ್ನೊಂದು ಸವಾಲಿಗೆ ಸಾಲುವಷ್ಟೂ ಇರಲಿಲ್ಲ. ಅಪ್ಪನ ಕುಚೇಷ್ಟೆ ನಿಂತಿತು. ರೊಟ್ಟಿ ಕೊಡುತ್ತಿದ್ದರು, ಬರೆಯುತ್ತಿರಲಿಲ್ಲ.

ನಾನು ಸಿದ್ರಾಮಪ್ಪನ ಮೇಲೆ ಹಾರಿಬಿದ್ದದ್ದು ಆಗಲೇ. ಎಂದಿನಂತೆ ಬಂದು, ಕೂತು, ರೇಷ್ಮೆಯ ತುಂಡಿಗೆ ಕೈ ಚಾಚಿದ. ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡೆ.

"ಕಾಕಾ, ನಿಮಗ ನಾಚಿಕಿ ಅನ್ನೋದು ಅದನೋ ಇಲ್ಲೋ? ದೋಸ್ತನ ಅಂಗಡಿ ಮುಳುಗಿಸಿ ಅವನ ಮನ್ಯಾಗ ಚಾ ಕುಡಿಯಾಕ ಬರ್ತೀರಲ್ಲ!"

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ತಂಗಿ, ಆ ರೊಟ್ಟಿ ತಿಂದವರದ್ದು ಖರೇ ಹೊಟ್ಟಿ ತುಂಬತದೇನು? ಇಲ್ಲಿ ಬಾ, ಮಾದನಹಿಪ್ಪರಗಾಕ್ಕ ಹೋಗೂಣು. ನನ್ನ ಪಾಲಿನ ಮನಿಗೋಳು ನೋಡು. ಒಲಿ ಮ್ಯಾಲ ಖರೇ ಬ್ಯಾಳಿ ಕುದಿಯಾಕತ್ತದ. ಅದು ಪಾಪ ಏನು?"

"ಅವರ ಹೊಟ್ಟಿ ಮುಂದ ಮಾಡಿ ನಿಮ್ಮ ಹೊಟ್ಟಿ ಮುಚ್ಚಬ್ಯಾಡ್ರಿ. ಅವರಿಗಿ ಒಂದು ಬೆರಳು, ಪುಣೆಯವಗ ಐದು ಬೆರಳು. ನಡುವಿಂದು ಎಲ್ಲಿ ಹೋಯ್ತು?"

"ನಡುವಿಂದು ದಲಾಲಿಂದು ಬೇ. ಮತ್ಯಾರದು?" ಎಂದು ಹಲ್ಲು ಕಿರಿದ. "ನಾ ಬಿಟ್ರ ಇನ್ನೊಬ್ಬ ಮಾಡ್ತಾನ. ಸಂತಿ ಯಾರಪ್ಪಂದೂ ಅಲ್ಲ."

ಅಪ್ಪ ಮಂಚದಿಂದಲೇ ನನಗೆ ಕೈಸನ್ನೆ ಮಾಡಿದರು. ಬಿಡು, ಚಹಾ ಮಾಡು ಎಂದು. ನಾನು ಮಾಡಿದೆ. ಸಕ್ಕರೆ ಹಾಕಲಿಲ್ಲ. ಅವನು ಅದನ್ನೂ ಗುಟುಕರಿಸಿ, "ಛಲೋ ಆಗ್ಯಾದ," ಎಂದು ಎದ್ದು ಹೋದ.

ದೀಪಾವಳಿಗೆ ನಮ್ಮ ಕಡೆ ಅಂಗಡಿಯವರೆಲ್ಲ ಲಕ್ಷ್ಮೀಪೂಜೆ ಮಾಡುತ್ತಾರೆ. ತಕ್ಕಡಿ, ಗಲ್ಲಾಪೆಟ್ಟಿಗೆ ತೊಳೆದು ಅರಿಶಿನ ಕುಂಕುಮ ಹಚ್ಚುತ್ತಾರೆ. ಆ ಸಲ ಅಪ್ಪ ಮೊಬೈಲಿನ ಕಡೆ ಬೆರಳು ಮಾಡಿ ತೋರಿಸಿದರು. ನನ್ನದೂ ಅಂಗಡಿಯೇ, ಪೂಜೆಯಾಗಲಿ. ನಾನು ನಗಲಿಲ್ಲ. ಮಣೆ ಹಾಕಿ, ಮೇಲೆ ಹೊಸ ಖಣದ ಅರಿವೆ ಹಾಸಿ, ಮೊಬೈಲ್ ಇಟ್ಟು, ಅದರೊಳಗೆ ರೊಟ್ಟಿ ಅಂಗಡಿ ತೆರೆದು, ಸುತ್ತ ಚೆಂಡು ಹೂವು ಇಟ್ಟೆ. ಪಕ್ಕದಲ್ಲಿ ನನ್ನ ಹೊಲಿಗೆ ಮಶಿನ್. ಎರಡು ಅಂಗಡಿಗೂ ಒಂದೇ ದೀಪ. ಪೂಜೆಗೆಂದು ಅಪ್ಪ ಕರೆಸಿದ್ದು ಒಬ್ಬನನ್ನೇ. ಯಾರನ್ನೆಂದು ಬೇರೆ ಹೇಳಬೇಕೇ.

ಬಂದ. ಬರಿಗೈಲಿ ಬರಲಿಲ್ಲ. ನಮ್ಮಲ್ಲಿ ಕರೆದವರ ಮನೆಯ ಕಾರ್ಯಕ್ಕೆ ಬಂದವರು ಆಯೇರಿ ತರುತ್ತಾರೆ, ಉಡುಗೊರೆ. ಅವನು ಅಪ್ಪನಿಗೆ ಟೋಪಿ ಇಟ್ಟ, ಟವೆಲ್ ಹೊದಿಸಿದ, ಕುಂಕುಮ ಹಚ್ಚಿದ. ಅಷ್ಟಕ್ಕೇ ನಿಂತಿದ್ದರೆ ಈ ಬರಹವೇ ಬೇಕಿರಲಿಲ್ಲ. ಆಮೇಲೆ ತನ್ನ ಮೊಬೈಲ್ ತೆಗೆದು ಏನೋ ಒತ್ತಿದ. ಮಣೆಯ ಮೇಲಿದ್ದ ಅಪ್ಪನ ಮೊಬೈಲು ಟಿಂಗ್ ಎಂದಿತು. ಅವನು ಆಟದೊಳಗಿಂದ ನಾಣ್ಯದ ಗಂಟು ಕಳಿಸಿದ್ದ. ಒಂದು ವರ್ಷದ ಸವಾಲಿಗೆ ಸಾಲುವಷ್ಟು. ಕಾಣಿಕೆ ಬಂದಿದೆ, ತೆಗೆದುಕೊಳ್ಳುವಿರಾ ಎಂದು ಮೊಬೈಲು ಕೇಳುತ್ತಿತ್ತು.

ಅಪ್ಪ ಬ್ಯಾಡ ಎಂದು ತಲೆ ಅಲ್ಲಾಡಿಸಿದರು. ಅಷ್ಟು ದಿನ ಒಂದೇ ಒಂದು ಕೊಂಡ ನಾಣ್ಯ ಮುಟ್ಟಿದವರಲ್ಲ ಅವರು.

ಸಿದ್ರಾಮಪ್ಪನ ಮುಖ ಇಳಿಯಿತು. ಅವನ ಮುಖ ಇಳಿದದ್ದನ್ನು ನಾನು ಮೊದಲ ಸಲ ನೋಡಿದೆ. "ಇದು ಧಂದಾ ಅಲ್ಲೋ ಕಂಡಕ್ಟರ್, ಆಯೇರಿ. ದೀಪದ ಮುಂದ ಇಟ್ಟ ಆಯೇರಿ ಯಾರರೆ ತಿರುಗಿ ಕೊಡ್ತಾರೇನು? ನನ್ನ ಕೈ ಅಷ್ಟು ಹೊಲಸಾಗ್ಯಾದೇನು?"

ಹೇಳಿ, ಏನು ಮಾಡಬೇಕಿತ್ತು? ಹಬ್ಬದ ದಿನ, ದೀಪ ಉರಿಯುತ್ತಿದೆ, ನಾಲ್ಕು ದಶಕದ ದೋಸ್ತ ಕೈ ಚಾಚಿ ನಿಂತಿದ್ದಾನೆ. ನಮ್ಮ ಮಂದಿ ಸಾಲ ಬೇಡ ಎಂದಾರು, ದಾನ ಬೇಡ ಎಂದಾರು, ಆಯೇರಿ ಬೇಡ ಎನ್ನುವುದಿಲ್ಲ. ಅಪ್ಪ ನನ್ನ ಮುಖ ನೋಡಿದರು. ನಾನು ತಗೋರಿ ಎನ್ನಲಿಲ್ಲ, ಬ್ಯಾಡ್ರಿ ಎನ್ನಲೂ ಬಾಯಿ ಬರಲಿಲ್ಲ. ಅವರು ಹೆಬ್ಬೆರಳು ಒತ್ತಿದರು. ಸಿದ್ರಾಮಪ್ಪ ಮಗುವಿನಂತೆ ಖುಷಿಪಟ್ಟು ಎರಡು ಸಲ ಕರಚಿಕಾಯಿ ಕೇಳಿ ತಿಂದ. ಆ ಒಂದು ಸಂಜೆ ನಾನೂ ಅವನ ಮೇಲಿನ ಸಿಟ್ಟು ಮರೆತು ಎಲೆ ಅಡಿಕೆ ಮಡಿಚಿ ಕೊಟ್ಟೆ. ನನ್ನ ಕೈಗಿಷ್ಟು ಬೆಂಕಿ ಹಚ್ಚ.

ಅಪ್ಪನ ಅಂಗಡಿ ಮತ್ತೆ ಕಳೆಗಟ್ಟಿತು. ಕುಚೇಷ್ಟೆ ತಿರುಗಿ ಬಂತು. "ಸೀಟ್ ಅದ ಏನ್ರಿ," ಎಂದು ರಫೀಕ್, "ಟಾಪ್ ಮ್ಯಾಲ ಅದ," ಎಂದು ಇವರು. ಎಳ್ಳಮಾಸಿ ಹಬ್ಬದ ಭಜ್ಜಿ ರೊಟ್ಟಿ ತಿನ್ನುವವರೆಗೂ ಚೆನ್ನಾಗಿಯೇ ನಡೆಯಿತು.

ಆಮೇಲೊಂದು ಬೆಳಗ್ಗೆ ಅಪ್ಪ ಮೊಬೈಲ್ ಹಿಡಿದು "ಆಂ, ಆಂ" ಎಂದು ಕೂಗಿದರು. ಓಡಿ ಹೋಗಿ ನೋಡಿದೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಆಟದ ಕಂಪನಿಯವರು ಮಾರಿದ ನಾಣ್ಯ ಎಲ್ಲಿಂದ ಎಲ್ಲಿಗೆ ಹರಿಯಿತೆಂದು ಜಾಡು ಹಿಡಿದು, ಅದು ಮುಟ್ಟಿದ ಖಾತೆಗಳನ್ನೆಲ್ಲ ಕಾಯಂ ಮುಚ್ಚಿದ್ದರು. ಸಿದ್ರಾಮಪ್ಪನದು, ಅವನ ಪಾಲಿನವರದು, ಪುಣೆ ಹೈದರಾಬಾದಿನವರದು, ಅವರ ಜತೆಗೆ ಕಂಡಕ್ಟರರದೂ. ಅಂಗಡಿ ಇಲ್ಲ, ಹೆಸರಿಲ್ಲ, ಬರೆದ ಮಾತು ಒಂದೂ ಇಲ್ಲ. ನಾನು ಅಕ್ಕನ ಮಗಳನ್ನು ಫೋನಿನಲ್ಲಿ ಹಿಡಿದುಕೊಂಡು ಕಂಪನಿಗೆ ಬರೆದೆ: ನಮ್ಮಪ್ಪ ಕೊಂಡವರಲ್ಲ, ಅದು ಆಯೇರಿ, ಆಯೇರಿ ಎಂದರೆ ದೀಪದ ಮುಂದೆ ಕೊಟ್ಟದ್ದು. ಉತ್ತರವಾಗಿ ಅದೇ ನಾಲ್ಕು ಸಾಲು ತಿರುಗಿ ಬಂದವು. ಅವರನ್ನು ಬೈದು ಏನು ಪ್ರಯೋಜನ. ನಾಣ್ಯಕ್ಕೆ ಆಯೇರಿಯದು, ಧಂದೆಯದು ಎಂದು ಬಣ್ಣ ಬೇರೆ ಇರುತ್ತದೆಯೇ?

ಅಪ್ಪನ ಅಂಗಡಿ ಕಾಣದೆ ರಫೀಕ್ ಗಾಬರಿಯಾಗಿ ಯಾರಿಂದಲೋ ನಂಬರು ಪಡೆದು ಫೋನ್ ಮಾಡಿದ. ಅಪ್ಪ ಎತ್ತಿ ಕಿವಿಗಿಟ್ಟುಕೊಂಡರು. "ಹಲೋ ಕಂಡಕ್ಟರ್ ಸಾಬ್! ನಾ ಕರಜಗಿ ರಫೀಕ್ರಿ. ಏನಾಯ್ತ್ರಿ? ಮಾತಾಡ್ರಲ್ಲ! ನಮ್ಮ ಮ್ಯಾಲ ಸಿಟ್ಟೇನ್ರಿ?" ದನಿ ನನಗೂ ಕೇಳುತ್ತಿತ್ತು. ಅಪ್ಪನ ತುಟಿ ಅಲುಗಾಡಿತು. ಅವರು ಮೊಬೈಲ್ ನನ್ನ ಕೈಗೆ ಕೊಟ್ಟು ಗೋಡೆ ಕಡೆ ಮುಖ ಮಾಡಿದರು. ನಾನು ಎಲ್ಲ ಹೇಳಿದೆ. ಆಮೇಲೆ ರಫೀಕ್ ದಿನಕ್ಕೊಮ್ಮೆ ಊಟ ಆಯ್ತೇನ್ರಿ ಎಂದು ಮೆಸೇಜು ಹಾಕುತ್ತಿದ್ದ. ಪಾಪ, ಒಳ್ಳೆಯ ಮನುಷ್ಯ. ಆದರೆ ಲಕ್ವಾ ಹೊಡೆದವರ ಜತೆ ಮಾತಾಡುವ ಹಾಗೆ ಮಾತಾಡತೊಡಗಿದ್ದ. ಸೀಟು ಕೇಳಲಿಲ್ಲ. ಅಪ್ಪನೂ ಆಯ್ತು ಎಂದಷ್ಟೇ ಬರೆಯುತ್ತಿದ್ದರು.

ನನ್ನ ಮೊಬೈಲಿನಲ್ಲಿ ಹೊಸ ಖಾತೆ ತೆರೆದುಕೊಟ್ಟೆ. ಬರಿಗೈಯ ಹೊಸಬರಾಗಿ ಅಪ್ಪ ಮತ್ತೆ ಆ ರಾಜ್ಯಕ್ಕೆ ಕಾಲಿಟ್ಟರು. ಕಟ್ಟಿಗೆ ಕಡಿದರು, ದಣಿದರು, ಬಜಾರಕ್ಕೆ ಬಂದರು. ರೊಟ್ಟಿ ಅಂಗಡಿಗಳ ಮುಂದೆಲ್ಲ ತಿರುಗಿದರು. ನಲವತ್ತಕ್ಕೆ ಕಡಿಮೆ ಎಲ್ಲಿಯೂ ಇಲ್ಲ, ಪುಕ್ಕಟೆ ಕೊಡುವವರು ಯಾರೂ ಇಲ್ಲ. ಪರದೆಯ ಮೇಲಿನ ಮನುಷ್ಯ ನಾವು ನೋಡನೋಡುತ್ತಲೇ ಬಜಾರದ ನಡುವೆ ಕುಸಿದು ಬಿದ್ದ. ಜನ ಅವನ ಮೇಲಿಂದಲೇ ದಾಟಿ ಹೋದರು. ಅಪ್ಪ ಮೊಬೈಲನ್ನು ನನ್ನ ಮಡಿಲಿಗಿಟ್ಟು ತಿರುಗಿ ಮುಟ್ಟಲಿಲ್ಲ.

ಖಾತೆ ಮುಚ್ಚಿದ ದಿನದಿಂದ ಸಿದ್ರಾಮಪ್ಪನೂ ಬರಲಿಲ್ಲ. ಅವನಿಗೇನು, ಮೊಬೈಲೆಲ್ಲ ಮಾರಿ ಮತ್ತೆ ದನಕ್ಕೆ ಬಿದ್ದನೆಂದು ಕೇಳಿದೆ. ಬೈಯಬೇಕೆಂದೇ ಒಂದು ದಿನ ಸಂತೆಗೆ ಹೋದೆ. ಹಾದಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋಗಿದ್ದೆ. ಜೋಡೆತ್ತಿನ ಹಿಂದೆ ನಿಂತಿದ್ದ. ನನ್ನನ್ನು ನೋಡಿ ಟೋಪಿ ಸರಿಪಡಿಸಿಕೊಂಡ. ನನ್ನ ಬಾಯಿಂದ ಬಂದದ್ದೇ ಬೇರೆ.

"ಕಾಕಾ, ಯಾಕ ಬರವಲ್ರಿ? ಅಪ್ಪ ಹಾದಿ ನೋಡಾಕತ್ತಾರ."

ಅವನು ಎತ್ತಿನ ಮೈ ಸವರುತ್ತ ನಿಂತ. "ಅಂವಗ ಬೈಯಾಕ ಬರ್ತಿದ್ರ ಬರ್ತಿದ್ನೆವ್ವಾ. ಬೈಸಿಕೊಂಡು ಕೂಡ್ತಿದ್ದೆ. ಅಂವ ಸುಮ್ಮ ನೋಡ್ತಾನ. ಅದು ನನ್ನಿಂದ ಆಗಂಗಿಲ್ಲ."

"ಅವರ ಪಾಲಿಂದೂ ನಾ ಬೈತೇನಿ. ಹೊಟ್ಟಿ ತುಂಬ ಬೈತೇನಿ. ನೀವು ಬರ್ರಿ ಮೊದಲು."

ನಕ್ಕ. ಕಣ್ಣು ಒರೆಸಿಕೊಂಡನೋ ಧೂಳು ಒರೆಸಿಕೊಂಡನೋ, ನನಗೆ ಗೊತ್ತಿಲ್ಲ, ಗೊತ್ತಾಗುವುದು ಬೇಕೂ ಇಲ್ಲ. "ಬರ್ತೇನಿ ತಂಗಿ, ಮುಂದಿನ ಸಂತಿ ಮುಗಿಸಿ ಖರೇನೇ ಬರ್ತೇನಿ," ಎಂದ. ಅಷ್ಟರಲ್ಲಿ ಯಾರೋ ಗಿರಾಕಿ ಕರೆದರು, ಹೋದ. ನಾನು ಅವನನ್ನು ನೋಡಿದ್ದು ಅದೇ ಕೊನೆ. ಎಷ್ಟೋ ಸಂತೆ ಮುಗಿದವು, ಅವನು ಬರಲೇ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಬಾಗಿಲ ಕಡೆ ನೋಡಿ ನನ್ನ ಕಡೆ ಹುಬ್ಬು ಏರಿಸುತ್ತಾರೆ. "ಇವತ್ತು ಅಫಜಲಪುರ ಸಂತಿಯಂತ ಅಪ್ಪಾ, ನಾಳಿ ಬರ್ತಾರಂತ," ಎನ್ನುತ್ತೇನೆ. ನಾಳೆ ಜೇವರ್ಗಿಯ ಸಂತೆ, ನಾಡಿದ್ದು ಇನ್ನೊಂದು. ಸಂತೆಯ ಮಂದಿಯನ್ನೇ ಹೊತ್ತು ತಿರುಗಿದ ಕಂಡಕ್ಟರ್ ಅವರು. ಯಾವ ವಾರ ಯಾವ ಊರಲ್ಲಿ ಸಂತೆ ಎಂದು ನಿದ್ದೆಯಲ್ಲಿ ಕೇಳಿದರೂ ಗೊತ್ತು. ಇವತ್ತು ಎಲ್ಲಿಯೂ ಸಂತೆ ಇಲ್ಲ ಎಂದು ಅವರಿಗೆ ಗೊತ್ತು. ಆದರೂ ಹೌದೆಂದು ತಲೆ ಆಡಿಸುತ್ತಾರೆ, ನನಗೆ ಬೇಜಾರಾಗಬಾರದೆಂದು. ಅಂಗಡಿ ಮುಳುಗಿಸಿದ್ದನ್ನಾದರೂ ಮರೆತೇನು ಸಿದ್ರಾಮಪ್ಪಾ, ಇದನ್ನು ಮರೆಯುವುದಿಲ್ಲ.